ಛಾವಣಿಯ ಕಾಲ್ಚೆಂಡು

ಲಿಂಗಸುಗೂರಿಗೆ ಛಾವಣಿ ಎಂಬ ಹೆಸರೂ ಉಂಟೆಂಬುದನ್ನು ನಮ್ಮ ಸೀಮೆಯ ವಾಚಕರು ಬಲ್ಲರು. ಆಂಗ್ಲ ಅಧಿಕಾರಿಗಳ ಕೈಕೆಳಗಿನ ಹೈದರಾಬಾದ್ ಕಂಟಿಂಜೆಂಟ್ ದಂಡು ಇಲ್ಲಿ ಬೀಡುಬಿಟ್ಟಿದ್ದುದರಿಂದ ಆ ಹೆಸರು ಬಂದಿತು. ದಂಡು ಹೋಯಿತು, 1905ರಲ್ಲಿ ಲಿಂಗಸುಗೂರು ಜಿಲ್ಲೆಯೂ ರಾಯಚೂರಿನಲ್ಲಿ ಲೀನವಾಯಿತು, ಹೆಸರು ಮಾತ್ರ ಉಳಿದಿದೆ. 1809ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಛಾವಣಿಯಲ್ಲಾದರೋ, ದಂಡು ಹೋದ ಮೇಲೆ ಹೆಸರಿನೊಡನೆ ಒಂದು ಆಟವೂ ಉಳಿಯಿತು. ಅದು ಕಾಲ್ಚೆಂಡಾಟ. ಅಲ್ಲಿಯ ಒಂದು ಸಂಘದ ವೃತ್ತಾಂತವನ್ನು ಇಲ್ಲಿ ನಿರೂಪಿಸಬೇಕೆಂದಿದ್ದೇವೆ.

ಕಂದುಕಕ್ರೀಡೆ ನಮ್ಮವರಿಗೆ ಹೊಸದಲ್ಲ. ಸಂಸ್ಕೃತಕಾವ್ಯಗಳ ರಾಜಕನ್ಯೆಯರು ಚೆಂಡಾಡುತ್ತಲೇ ಇರುವರು. ಆದರೆ ಅವರದು ಕೈಯಾಟ. ಚರ್ಮದ ಚೆಂಡನ್ನು ಕಾಲಿನಿಂದ ಒದೆಯುವ ಈಗಿನ ಪದ್ಧತಿಯು ಗೋರಾ ಸಿಪಾಯಿಗಳೊಡನೆ ಬಂದುದು. ಅವರು ಬೂಟು ಮೆಟ್ಟಿ ಆಡುತ್ತಿದ್ದರೆ ಛಾವಣಿಯ ಬಡವರ ಮಕ್ಕಳು ಅಂಚಿನಲ್ಲಿ ನಿಂತು ನೋಡಿ ಕಲಿತರು. ಬೂಟಿಗೆ ಹಣವೆಲ್ಲಿಯದು? ಬರಿಗಾಲೇ ಅವರ ಸಾಧನವಾಯಿತು. ಒಣನೆಲದ ಮೇಲೆ ಬರಿಗಾಲಿನ ಬೆರಳುಗಳಿಗೆ ಚೆಂಡು ವಶವಾಗುವಷ್ಟು ಬೂಟಿಗೆ ಆಗದೆಂಬುದನ್ನು ಆಡಿದವರು ಬಲ್ಲರು. ನೆಲ ಒದ್ದೆಯಾದರೆ ಮಾತ್ರ ಆ ಗುಣವೇ ದೋಷವಾಗುವುದು.

ಇಂತಹ ಹುಡುಗರಿಂದ ಬೆಳೆದ ಸಂಘಗಳಲ್ಲಿ ಒಂದು 'ಬೆಂಗಳೂರು ಮುಸ್ಲಿಮ್ಸ್'. ಮುಂಬಯಿಯಲ್ಲಿ 1891ರಲ್ಲಿ ಆರಂಭವಾದ ರೋವರ್ಸ್ ಕಪ್ ಪಂದ್ಯಾವಳಿಯು ನಾಲ್ವತ್ತಕ್ಕೂ ಹೆಚ್ಚು ವರ್ಷ ಬ್ರಿಟಿಷ್ ಪಲ್ಟಣಗಳ ಸ್ವತ್ತಿನಂತಿದ್ದಿತು. ಕಲ್ಕತ್ತೆಯ ಮೋಹನ್ ಬಾಗಾನ್ ಸಂಘದವರು 1911ರಲ್ಲಿಯೇ ಐ. ಎಫ್. ಎ. ಶೀಲ್ಡನ್ನು ಪಲ್ಟಣದ ಕೈಯಿಂದ ಕಿತ್ತುಕೊಂಡಿದ್ದರೂ, ರೋವರ್ಸ್ ಕಪ್ಪು ಯಾವ ಭಾರತೀಯ ತಂಡಕ್ಕೂ ಲಭಿಸಿರಲಿಲ್ಲ. 1937ರಲ್ಲಿ ಅಂತಿಮ ಪಂದ್ಯಕ್ಕೆ ಇಳಿದ ತಂಡಗಳೆರಡೂ ಭಾರತೀಯವೇ. ಒಂದು, ಕಲ್ಕತ್ತೆಯ ಲೀಗನ್ನು 1934ರಿಂದ ವರ್ಷವರ್ಷವೂ ಗೆಲ್ಲುತ್ತಿದ್ದ ಮೊಹಮ್ಮಡನ್ ಸ್ಪೋರ್ಟಿಂಗ್. ಇನ್ನೊಂದು ನಮ್ಮ ಬೆಂಗಳೂರಿನವರು. ಕೀರ್ತಿಯನ್ನು ತೂಗಿದರೆ ತಕ್ಕಡಿ ಕಲ್ಕತ್ತೆಯ ಕಡೆಗೇ ವಾಲುತ್ತಿದ್ದಿತು. ಆದರೆ ಒಂದೇ ಒಂದು ಗೋಲಿನಿಂದ ಗೆದ್ದವರು ಬೆಂಗಳೂರಿನವರು!

ಅದು ಅದೃಷ್ಟವೆಂದು ಆಡಿಕೊಂಡವರು ಯಾರಾದರೂ ಇದ್ದಿದ್ದರೆ, ಅವರಿಗೆ ಮರುವರ್ಷವೇ ಉತ್ತರ ದೊರೆಯಿತು. 1938ರ ಅಂತಿಮದಲ್ಲಿ ಆರ್ಗೈಲ್ ಮತ್ತು ಸದರ್ಲೆಂಡ್ ಹೈಲ್ಯಾಂಡರ್ಸ್ ಪಲ್ಟಣವನ್ನು 3-2ರಿಂದ ಸೋಲಿಸಿ ಕಪ್ಪನ್ನು ಉಳಿಸಿಕೊಂಡರು. ಮೊದಲ ಗೆಲುವಿಗಿಂತ ಇದನ್ನೇ ನಾವು ಹಿರಿದೆಂದು ಎಣಿಸುತ್ತೇವೆ. ಆಟ ಕಲಿಸಿದವರನ್ನೇ ಅಂತಿಮದಲ್ಲಿ ಎದುರಿಸಿ ಗೆದ್ದುದಲ್ಲವೇ! 1940ರಲ್ಲಿ ಮೊಹಮ್ಮಡನ್ ತಂಡವು ಸೇಡು ತೀರಿಸಿಕೊಂಡಿತು. 1948ರಲ್ಲಿ ಬೆಂಗಳೂರಿನವರು ಮೋಹನ್ ಬಾಗಾನನ್ನು ಸೋಲಿಸಿ ಮತ್ತೊಮ್ಮೆ ಕಪ್ಪು ತಂದರು. ಸಿಂಧನೂರಿನ ಸಮೀಪದ ಪುನರ್ವಸತಿ ಕ್ಯಾಂಪುಗಳಲ್ಲಿ ನೆಲೆಸಿರುವ ಬಂಗಾಳಿ ಕುಟುಂಬಗಳ ಹಿರಿಯರಿಗೆ ಮೋಹನ್ ಬಾಗಾನ್ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಅಂಥ ತಂಡವನ್ನು ಸೋಲಿಸಿದ ಕನ್ನಡನಾಡಿನ ಸಂಘದ ಹೆಸರನ್ನು ನಮ್ಮ ಮಕ್ಕಳಿಗೇ ಹೇಳಿಕೊಡಬೇಕಾಗಿದೆ.

ಅದೇ 1948ರಲ್ಲಿ ಲಂಡನ್ನಿನ ಒಲಿಂಪಿಕ್ ಕೂಟದಲ್ಲಿ ಭಾರತದ ಆಟಗಾರರಲ್ಲಿ ಬಹುಮಂದಿ ಬರಿಗಾಲಿನಲ್ಲಿಯೇ ಫ್ರಾನ್ಸನ್ನು ಎದುರಿಸಿದರು. 2-1ರ ಸೋಲಾಯಿತು. ನಮ್ಮ ಪಾಲಿನ ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಅಹಮದ್ ಖಾನರು ಬೆಂಗಳೂರು ಮುಸ್ಲಿಮ್ಸ್ ಸಂಘದಲ್ಲಿ ಪಳಗಿದವರು. ಮುಂದೆ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸಂಘವನ್ನು ಸೇರಿದಾಗ, ಅಲ್ಲಿಯ ಐವರು ಮುಂಚೂಣಿ ಆಟಗಾರರಿಗೆ ಜನರು 'ಪಂಚಪಾಂಡವರು' ಎಂದು ಹೆಸರಿಟ್ಟರು. ಖಾನರು ಆ ಐವರಲ್ಲಿ ಒಬ್ಬರು. ವ್ಯಾಸರಿಗೂ ಇದು ಸಮ್ಮತವಾಗುತ್ತಿತ್ತೆಂದು ನಮ್ಮ ಊಹೆ.

2001ರ ಬಳಿಕ ರೋವರ್ಸ್ ಪಂದ್ಯಾವಳಿಯೇ ನಿಂತುಹೋಯಿತು. ಸಂತೋಷ್ ಟ್ರೋಫಿಯನ್ನು ಮೈಸೂರು ಎಂಬ ಹೆಸರಿನಲ್ಲಿ ನಾಲ್ಕು ಸಲ ಗೆದ್ದಿದ್ದ ನಮ್ಮ ರಾಜ್ಯವು, 1968-69ರ ನಂತರ 54 ವರ್ಷ ಕಾದು, 2023ರ ಮಾರ್ಚಿಯಲ್ಲಿ ದೂರದ ರಿಯಾದಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಅದನ್ನು ಮತ್ತೆ ಪಡೆಯಿತು.

ಆಸ್ಟ್ರೇಲಿಯಾದಲ್ಲಿ ಅಂಡಾಕಾರದ ಚೆಂಡಿನಿಂದ, ಪಕ್ಷಕ್ಕೆ ಹದಿನೆಂಟು ಜನರು ಆಡುವ ಬೇರೊಂದು ಕಾಲ್ಚೆಂಡಾಟವಿದೆ. ಅದರ ನಿಯಮಗಳನ್ನು ಮೆಲ್ಬರ್ನಿನಲ್ಲಿ 1859ರಲ್ಲಿ ಬರೆದರು. ಅಲ್ಲಿಯ ಒಕ್ಕಲುತನದ ಸಣ್ಣ ಸಣ್ಣ ಊರುಗಳಿಗೂ ಅದರ ಸಂಘಗಳುಂಟು. ಹೊಲಗಳಲ್ಲಿ ಜನ ಕಡಿಮೆಯಾದಾಗ ತಲೆತಲಾಂತರದ ಎದುರಾಳಿ ಊರುಗಳ ಸಂಘಗಳೂ ಒಂದಾಗಿ ಬದುಕುತ್ತವೆ. ಗೆದ್ದ ವರ್ಷ, ನಾಯಕನ ಹೆಸರು ಸಂಘದ ಮನೆಯ ಹಲಗೆಯ ಮೇಲೆ ಉಳಿದಿರುತ್ತವೆ. ನಮ್ಮಲ್ಲಿ ಕಾಲುವೆಯ ಕೆಳಗಿನ ಭತ್ತದ ಕೊಯ್ಲು ಮುಗಿದೊಡನೆ ಹುಡುಗರು ಒಂದು ತಂಡ ಕಟ್ಟುವರು, ಫ್ಲೆಕ್ಸ್ ಏರಿಸುವರು. ಮರುವರ್ಷ ತಂಡವೂ ಇಲ್ಲ, ಫ್ಲೆಕ್ಸೂ ಇಲ್ಲ. ಮಸ್ಕಿಯ ಬಂಡೆಯಲ್ಲಿ ಅಶೋಕನ ಹೆಸರು ಕೊರೆದಿರುವುದು 1915ರಲ್ಲಿ ಬೆಳಕಿಗೆ ಬಂದುದರಿಂದಲ್ಲವೇ, 'ದೇವಾನಾಂಪ್ರಿಯ'ನು ಯಾರೆಂಬ ಸಂಶಯ ಪರಿಹಾರವಾದುದು? ಇಂತಹ ನೆಲದಲ್ಲಿರುವ ನಾವು ಕಾಗದಕ್ಕೂ ಬಡತನ ಮಾಡಿಕೊಂಡಿದ್ದೇವೆ. ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಯಾವ ಶಾಲೆಯಲ್ಲಿಯಾದರೂ ಹಳೆಯ ಆಟದ ತಂಡದ ಭಾವಚಿತ್ರವೊಂದು ಗೋಡೆಯ ಮೇಲಿದ್ದರೆ, ಅದರಲ್ಲಿರುವವರನ್ನು ಗುರುತಿಸಬಲ್ಲವರು ಇರುವಾಗಲೇ ಹಿಂಬದಿಯಲ್ಲಿ ಅವರ ಹೆಸರುಗಳನ್ನೂ ಇಸವಿಯನ್ನೂ ಸೀಸದ ಕಡ್ಡಿಯಿಂದಾದರೂ ಬರೆದಿಡಬೇಕೆಂದು ಉಪಾಧ್ಯಾಯ ಬಂಧುಗಳಲ್ಲಿ ನಮ್ಮ ವಿಜ್ಞಾಪನೆ.