ರಕ್ತ ನಿಂತಿತು, ಮಾವನ ನಿದ್ದೆ ತಪ್ಪಿತು: ಲಿವರ್ ‘ಟಿಪ್ಸ್’ ಆದಮೇಲೆ ಮನೆಯವರು ಗಮನಿಸಬೇಕಾದದ್ದೇನು?

(ಈ ವಾರದ ಪಾಡ್‌ಕಾಸ್ಟ್‌ನ ಅಕ್ಷರರೂಪ)

ಇವತ್ತಿನ ವಿಷಯ ಸ್ವಲ್ಪ ಭಾರ. ಇದು ನಮ್ಮ ಮನೆಯಲ್ಲೇ ಆದದ್ದು, ಅದರಲ್ಲಿ ನನ್ನ ತಪ್ಪೂ ಇದೆ.

ನಾನು ಹೊಳೆನರಸೀಪುರದವನು. ನಮ್ಮ ಸೋದರಮಾವ ಅರಕಲಗೂಡು ಕಡೆ ಆಲೂಗಡ್ಡೆ, ಹೊಗೆಸೊಪ್ಪು ಬೆಳೆಯೋ ರೈತ. ಅವರಿಗೆ ಲಿವರ್ ಸಿರೋಸಿಸ್. ಎರಡು ಸಲ ರಕ್ತವಾಂತಿ ಆಗಿ, ಎಂಡೋಸ್ಕೋಪಿಯಲ್ಲಿ ಬ್ಯಾಂಡ್ ಹಾಕಿಸಿದ್ದಾಯ್ತು. ಮೂರನೇ ಸಲ ಬೆಂಗಳೂರಲ್ಲಿ ‘ಟಿಪ್ಸ್’ ಅನ್ನೋ ಚಿಕಿತ್ಸೆ ಮಾಡಿದ್ರು. ಹೊಟ್ಟೆ ಕೊಯ್ಯಲಿಲ್ಲ. ಕತ್ತಿನ ರಕ್ತನಾಳದಿಂದ ತಂತಿ ಇಳಿಸಿ, ಎಕ್ಸ್‌ರೇ ಪರದೆ ನೋಡ್ಕೊಂಡು ಮಾಡಿದ್ದು. ರಕ್ತ ನಿಂತಿತು. ಊರವರೆಲ್ಲ “ಗೆದ್ದು ಬಂದ” ಅಂದ್ರು.

ಹತ್ತು ದಿನ ಆಗಿತ್ತು. ಮಾವ ಹಗಲೆಲ್ಲ ತೂಕಡಿಸೋರು, ರಾತ್ರಿಯೆಲ್ಲ ಎಚ್ಚರ. ಒಂದು ರಾತ್ರಿ ಎರಡು ಗಂಟೆಗೆ ಎದ್ದು, “ಮೋಟ್ರು ಹಾಕ್ಬೇಕು” ಅಂತ ಚಪ್ಪಲಿ ಹುಡುಕ್ತಿದ್ರು. ಮಾತು ತೊದಲ್ತಿತ್ತು. ಅಕ್ಕಪಕ್ಕದವರು “ಮತ್ತೆ ಎಣ್ಣೆ ಹಾಕವ್ನೆ” ಅಂದ್ರು. ಅವರು ಕುಡಿಯೋದು ಬಿಟ್ಟು ಎಂಟು ತಿಂಗಳಾಗಿತ್ತು! ಅತ್ತೆ ಅಳ್ತಾ, “ಒಂದ್ ರಾತ್ರಿ ಮಲಗಿದ್ರೆ ಸಾಕು ಕಣೋ” ಅಂದ್ರು. ಅಜ್ಜಿಗೆ ಅಂತ ಇಟ್ಟಿದ್ದ ನಿದ್ದೆ ಮಾತ್ರೆ ಮನೆಯಲ್ಲಿತ್ತು. ತೆಗೆದು ಕೊಟ್ಟವನು ನಾನೇ.

ಬೆಳಗ್ಗೆ ಮಾವ ಏಳಲಿಲ್ಲ.

ಬೈಪಾಸ್ ರಸ್ತೆಯ ಕಥೆ

ಯಾಕೆ ಹೀಗಾಯ್ತು ಅಂತ ಆಮೇಲೆ ಡಾಕ್ಟರ್ ಬಿಡಿಸಿ ಹೇಳಿದ್ರು. ನಿಮಗೂ ಹೇಳ್ತೀನಿ.

ಕರುಳಿನಿಂದ ಬರೋ ರಕ್ತ ಪೋರ್ಟಲ್ ವೇನ್ ಅನ್ನೋ ದೊಡ್ಡ ನಾಳದಲ್ಲಿ ಲಿವರ್‌ಗೆ ಹೋಗತ್ತೆ. ಸಿರೋಸಿಸ್‌ನಲ್ಲಿ ಲಿವರ್ ಗಟ್ಟಿಯಾಗಿ ದಾರಿ ಜಾಮ್. ಆಗ ರಕ್ತ ಅನ್ನನಾಳ, ಜಠರದ ಸಣ್ಣ ನಾಳಗಳಿಗೆ ನುಗ್ಗತ್ತೆ. ಅವು ಉಬ್ಬತ್ತವೆ, ಒಡೆಯತ್ತವೆ. ಈ ಉಬ್ಬಿದ ನಾಳಗಳಿಗೇ ವೇರಿಸಸ್ ಅನ್ನೋದು.

ಚನ್ನರಾಯಪಟ್ಟಣದ ಬೈಪಾಸ್ ನೆನಪಿಸ್ಕೊಳ್ಳಿ. ಹಿಂದೆ ಗಾಡಿಗಳೆಲ್ಲ ಪೇಟೆ ಒಳಗೇ ನುಗ್ಗಿ ಹೋಗ್ಬೇಕಿತ್ತು, ಈಗ ಹೊರಗಿಂದ ಸೀದಾ. ಟಿಪ್ಸ್ ಕೂಡ ಅದೇ. ಲಿವರ್ ಒಳಗೆ ಒಂದು ಸ್ಟೆಂಟ್ ಇಟ್ಟು ರಕ್ತಕ್ಕೆ ನೇರ ದಾರಿ ಮಾಡ್ತಾರೆ. 1988ರಲ್ಲಿ ಜರ್ಮನಿಯಲ್ಲಿ ಮೊದಲ ಬಾರಿಗೆ ಸ್ಟೆಂಟ್ ಹಾಕಿ ಮಾಡಿದ್ದು. ಒತ್ತಡ ಇಳಿಯತ್ತೆ, ರಕ್ತಸ್ರಾವ ನಿಲ್ಲತ್ತೆ. ಎಷ್ಟೋ ಜೀವ ಉಳಿಸಿರೋ ಚಿಕಿತ್ಸೆ ಇದು, ಅದರಲ್ಲಿ ಅನುಮಾನ ಬೇಡ.

ಆದ್ರೆ ಲಿವರ್ ಬರೀ ದಾರಿ ಅಲ್ಲ, ಚೆಕ್‌ಪೋಸ್ಟ್ ಕೂಡ. ಕರುಳಲ್ಲಿ ಹುಟ್ಟೋ ಅಮೋನಿಯಾದಂಥ ವಿಷವನ್ನ ತಡೆಯೋದು ಅದೇ. ಬೈಪಾಸ್ ಆದ್ಮೇಲೆ ಒಂದಷ್ಟು ರಕ್ತ ಚೆಕ್ಕಿಂಗ್ ಇಲ್ಲದೆ ಮಿದುಳಿಗೆ ಹೋಗತ್ತೆ. ಆಗ ಬರೋ ಗೊಂದಲ, ಮಂಪರಿಗೆ ಹೆಪಾಟಿಕ್ ಎನ್ಸೆಫಲೋಪತಿ ಅಂತಾರೆ. ಟಿಪ್ಸ್ ಆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಇದು ಬರಬಹುದು. ಮೊದಲ ಕೆಲವು ತಿಂಗಳು ಹೆಚ್ಚು ಜಾಗ್ರತೆ ಬೇಕು.

ಹಗಲು ನಿದ್ದೆ, ರಾತ್ರಿ ಎಚ್ಚರ ಅನ್ನೋದು ಇದರ ಮೊದಲ ಲಕ್ಷಣಗಳಲ್ಲಿ ಒಂದು. ನಾನು ಅದನ್ನ ಬರೀ ನಿದ್ದೆ ಸಮಸ್ಯೆ ಅಂದ್ಕೊಂಡೆ. ಮೊದಲೇ ಮಂಕಾಗಿದ್ದ ಮಿದುಳಿಗೆ ನಿದ್ದೆ ಮಾತ್ರೆ ಕೊಟ್ಟೆ.

ಮಲಬದ್ಧತೆಯೂ ಅಪಾಯ

ಇನ್ನೊಂದು ಕಾರಣ ಲ್ಯಾಕ್ಟುಲೋಸ್ ಸಿರಪ್. ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಮೋಷನ್ ಆಗ್ಲಿ, ವಿಷ ಹೊರಗೆ ಹೋಗ್ಲಿ ಅಂತ ಕೊಡೋದು. ಮಾವ ಅದನ್ನ ನಿಲ್ಲಿಸಿಬಿಟ್ಟಿದ್ರು. “ಸಂತೆಗೆ ಹೋಗೋಕಾಗಲ್ಲ, ಬಸ್ಸಲ್ಲಿ ಕೂರೋಕಾಗಲ್ಲ” ಅಂತ. ನಾಚಿಕೆಗೆ ಯಾರಿಗೂ ಹೇಳಿರಲಿಲ್ಲ. ಹಾಗಂತ ಜಾಸ್ತಿ ಕುಡಿದು ಭೇದಿ ಆದ್ರೂ ಕಷ್ಟ, ಮೈಯಲ್ಲಿ ನೀರು ಕಮ್ಮಿಯಾಗಿ ಮತ್ತೆ ಗೊಂದಲ. ಡೋಸ್ ಡಾಕ್ಟರ್ ಕೇಳಿಯೇ ಏರಿಸಿ, ಇಳಿಸಿ.

ಮೂರನೇ ತಪ್ಪು ಊಟದ್ದು. “ಲಿವರ್ ಕಾಯಿಲೆಗೆ ಬೇಳೆ, ಮೊಟ್ಟೆ ಕೊಡಬಾರದು” ಅಂತ ಯಾರೋ ಹೇಳಿ, ಬರೀ ಗಂಜಿ ಕೊಡ್ತಿದ್ವಿ. ಅದು ಹಳೇ ನಂಬಿಕೆ. ಸ್ನಾಯು ಕರಗಿದ್ರೆ ಅಮೋನಿಯಾ ಇನ್ನೂ ಏರತ್ತೆ, ಯಾಕಂದ್ರೆ ಅದನ್ನ ಕರಗಿಸೋ ಕೆಲಸದಲ್ಲಿ ಸ್ನಾಯುವಿನ ಪಾಲೂ ಇದೆ. ಮುದ್ದೆ, ಹುರುಳಿಕಾಳು ಸಾರು, ಮೊಸರು ಎಲ್ಲ ಬೇಕು. ರಾತ್ರಿ ಮಲಗೋ ಮುಂಚೆ ಏನಾದ್ರೂ ಸ್ವಲ್ಪ ತಿನ್ನಬೇಕು. ಕಮ್ಮಿ ಮಾಡಬೇಕಾದ್ದು ಉಪ್ಪಿನಕಾಯಿ, ಹಪ್ಪಳ.

ಬೇರೆ ಚಿಕಿತ್ಸೆ, ಬೇರೆ ತೊಂದರೆ

ಕೆಲವರಿಗೆ ಜಠರದ ವೇರಿಸಸ್‌ಗೆ ‘ಬಿಆರ್‌ಟಿಓ’ ಮಾಡ್ತಾರೆ. ಜಪಾನಿನಿಂದ ಬಂದ ವಿಧಾನ. ಇದು ಟಿಪ್ಸ್‌ಗೆ ಉಲ್ಟಾ, ಅಡ್ಡದಾರಿಯನ್ನೇ ಔಷಧಿ ಹಾಕಿ ಮುಚ್ಚೋದು. ಗೊಂದಲ ಕಮ್ಮಿ, ಆದ್ರೆ ಒತ್ತಡ ಏರತ್ತೆ. ಹೊಟ್ಟೆಯಲ್ಲಿ ನೀರು ತುಂಬಬಹುದು, ಅನ್ನನಾಳದ ವೇರಿಸಸ್ ದೊಡ್ಡದಾಗಬಹುದು. ಹಾಗಾಗಿ ಎಂಡೋಸ್ಕೋಪಿ ತಪ್ಪಿಸಬಾರದು. ಟಿಪ್ಸ್ ಆದವರು ಡಾಪ್ಲರ್ ಸ್ಕ್ಯಾನ್ ತಪ್ಪಿಸಬಾರದು, ಸ್ಟೆಂಟ್ ಕಟ್ಟಿಕೊಳ್ಳಬಹುದು. ಹೃದಯಕ್ಕೆ ಹೋಗೋ ರಕ್ತ ಹೆಚ್ಚಾಗೋದ್ರಿಂದ ಕೆಲವರಿಗೆ ಏದುಸಿರು, ಕಾಲು ಊತ ಬರತ್ತೆ.

ನಿಮ್ಮ ಫೋನ್‌ನಿಂದ ಆಗೋ ಕೆಲಸ

ದಿನಾ ಬೆಳಗ್ಗೆ ಪೇಷೆಂಟ್ ಕೈಯಲ್ಲಿ ಒಂದು ನೋಟ್‌ಬುಕ್‌ನಲ್ಲಿ ಹೆಸರು ಬರೆಸಿ, ಫೋಟೋ ತೆಗೀರಿ. ಅಕ್ಷರ ಕೆಡ್ತಿದ್ರೆ ಗೊತ್ತಾಗತ್ತೆ. ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿ ಹೆಸರು ಹೇಳ್ತಾರೆ ಅಂತ ಎಣಿಸಿ. ನಿನ್ನೆಗಿಂತ ತುಂಬಾ ಕಮ್ಮಿಯಾದ್ರೆ ಡಾಕ್ಟರ್‌ಗೆ ಫೋನ್ ಮಾಡಿ. ಟ್ರಾಫಿಕ್ ಪೊಲೀಸ್ ಥರ ಕೈ ಚಾಚಿಸಿ, ಅಂಗೈ ಪಟಪಟ ಬಡಿದ್ರೆ ಅದೂ ಸೂಚನೆ. ಬೈಕ್ ಕೀ ಎತ್ತಿಡಿ. ಕೇಳದೆ ನಿದ್ದೆ ಮಾತ್ರೆ, ನೋವಿನ ಮಾತ್ರೆ ಕೊಡಬೇಡಿ. ಡಿಸ್ಚಾರ್ಜ್ ಸಮರಿ ಫೋಟೋ ಮನೆಯವರೆಲ್ಲರ ಫೋನಲ್ಲಿ ಇರಲಿ.

ಕಪ್ಪು ಟಾರಿನಂಥ ಮಲ, ರಕ್ತವಾಂತಿ, ಜ್ವರ, ಏರ್ತಿರೋ ಕಾಮಾಲೆ, ಎಬ್ಬಿಸಿದ್ರೂ ಏಳದ ಮಂಪರು: ಇವು ಕಂಡ್ರೆ 108. “ಬೆಂಗಳೂರಿಗೇ ಹೋಗೋಣ” ಅಂತ ಹಾಸನದಿಂದಾಚೆ 180 ಕಿಲೋಮೀಟರ್ ಓಡಬೇಡಿ. ಮೊದಲು ಹತ್ತಿರದ ತಾಲ್ಲೂಕು ಆಸ್ಪತ್ರೆ, ಇಲ್ಲ ಹಾಸನ. ಎನಿಮಾ, ಡ್ರಿಪ್ ಅಲ್ಲೇ ಶುರು ಮಾಡಬಹುದು.

ನಮ್ಮ ಮಾವನಿಗೂ ಹಾಸನದಲ್ಲೇ ಎಚ್ಚರ ಆಯ್ತು, ಮೂರನೇ ದಿನ. ಕಣ್ಣು ಬಿಟ್ಟು ಕೇಳಿದ್ದು, “ಮಳೆ ಬಂತಾ?” ಅಂತ. ಈಗ ದಿನಾ ಬೆಳಗ್ಗೆ ಅತ್ತೆ ನೋಟ್‌ಬುಕ್ ಕೊಡ್ತಾರೆ, ಮಾವ ಬೈಕೊಂಡೇ ಹೆಸರು ಬರೀತಾರೆ. ಆ ಫೋಟೋ ನನ್ನ ವಾಟ್ಸ್ಆ್ಯಪ್‌ಗೆ ಬರತ್ತೆ. ಬರೋವರೆಗೂ ನಾನು ಟೀ ಕುಡಿಯಲ್ಲ.

ನಿಮ್ಮ ಮನೆಯಲ್ಲೂ ಇಂಥವರಿದ್ರೆ ಈ ಎಪಿಸೋಡ್ ಫ್ಯಾಮಿಲಿ ಗ್ರೂಪ್‌ಗೆ ಹಾಕಿ. ಮುಂದಿನ ವಾರ ಸಿಗೋಣ.