ಮಿಣಿಯಿಂದ ಮೆಟ್ಟಿನವರೆಗೆ: ಗಡಿನಾಡಿನ ತೊಗಲು

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳು ಒಣಬೇಸಾಯದ ನಾಡು. ಇಂಥ ಬಯಲುಸೀಮೆಯ ಒಕ್ಕಲುತನಕ್ಕೆ ಬೇಕಾದ ಮಿಣಿ, ಬಾರುಕೋಲು, ನೀರೆತ್ತುವ ಮೊಟ್ಟೆ, ಕಾಲಿನ ಮೆಟ್ಟು ಎಲ್ಲವೂ ಮಾದಿಗ, ಸಮಗಾರ, ಡೋಹರ ಕುಲಗಳ ಕೈಯಿಂದ ಬಂದವು. 12ನೇ ಶತಮಾನದ ಶರಣ ಸಮಗಾರ ಹರಳಯ್ಯನ ನೆನಪು ಈ ಕಾಯಕಕ್ಕೆ ಘನತೆ ತಂದಿದೆ.

ಹಸಿ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಸಿ, ಕೂದಲು ತೆಗೆದು, ಜಾಲಿ ತೊಗಟೆ ಮತ್ತು ಅಳಲೆಕಾಯಿಯ ಒಗರಿನಲ್ಲಿ ಹದಗೊಳಿಸುವುದು ಹಳೆಯ ಪದ್ಧತಿ. ಇದಕ್ಕೆ ಹೋಲಿಸಿದರೆ ಕ್ರೋಮಿಯಂ ಲವಣದಿಂದ ಹದಗೊಳಿಸುವ ಕೆಲಸ ಬೇಗ ಮುಗಿಯುತ್ತದೆ; ಆದರೆ ಅದರ ತ್ಯಾಜ್ಯನೀರನ್ನು ಶುದ್ಧೀಕರಿಸದಿದ್ದರೆ ನೆಲಜಲ ಕೆಡುತ್ತವೆ. ಹೀಗಾಗಿ ತೊಗಟೆಯ ಹದಕ್ಕೆ ಮತ್ತೆ ಬೆಲೆ ಬಂದಿದೆ.

ತೊಗಟೆಯಿಂದ ಹದಗೊಂಡ ತೊಗಲಿನ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಿಕೆ ದೊರೆಯಿತು. ನೆರೆಯ ವಿಜಯಪುರ, ಸೊಲ್ಲಾಪುರ ಜಿಲ್ಲೆಗಳು ಅದರ ವ್ಯಾಪ್ತಿಯಲ್ಲಿವೆ, ಕಲಬುರಗಿ ಇಲ್ಲ. ಆದರೂ 1976ರಲ್ಲಿ ಆರಂಭವಾದ ಲಿಡ್ಕರ್, ಅಂದರೆ ಕರ್ನಾಟಕದ ಚರ್ಮ ಕೈಗಾರಿಕೆಗಳ ಅಭಿವೃದ್ಧಿ ನಿಗಮ, ರಾಜ್ಯದ ಚರ್ಮಕುಶಲಿಗಳಿಗೆ ತರಬೇತಿ, ಮಾರುಕಟ್ಟೆ ಒದಗಿಸುತ್ತದೆ. ಪರಿಸರದ ಜೊತೆಗೆ ಕುಶಲಕರ್ಮಿಯ ಆರೋಗ್ಯ, ಆದಾಯ, ಗೌರವವೂ ಉಳಿದಾಗಲೇ ಈ ಕಸುಬು ನಿಜಕ್ಕೂ ಸುಸ್ಥಿರವಾಗುತ್ತದೆ.