ಟೂಟಿಂಗ್ ಬೆಕ್‌ಗೆ ಬಾರದ ಯೇತಿ

ಲಂಡನ್ನಿನ ಸುರಂಗ ರೈಲಿನ ನಕ್ಷೆಯಲ್ಲಿ ಕಪ್ಪು ಗೆರೆಯಾಗಿ ಕಾಣುವುದು ನಾರ್ದರ್ನ್ ಲೈನ್. ಅದನ್ನು ಹಿಡಿದು ದಕ್ಷಿಣಕ್ಕೆ ಹೊರಟರೆ ಕ್ಲಾಪಮ್, ಬಾಲಮ್ ದಾಟಿದ ಮೇಲೆ ಟೂಟಿಂಗ್ ಬೆಕ್, ಅದರ ಮುಂದಿನದು ಟೂಟಿಂಗ್ ಬ್ರಾಡ್‌ವೇ. 1926ರಲ್ಲಿ ಇಲ್ಲಿಗೆ ರೈಲು ಬಂತು. ಇವತ್ತು ಈ ಎರಡು ನಿಲ್ದಾಣಗಳ ನಡುವಿನ ಹೆದ್ದಾರಿಯಲ್ಲಿ ನಡೆದರೆ ಮಸಾಲೆ ದೋಸೆಗೂ ಪರೋಟಕ್ಕೂ ಬರವಿಲ್ಲ. ತಮಿಳರ, ಮಲಯಾಳಿಗಳ ಹೋಟೆಲುಗಳಿಂದಾಗಿ ಲಂಡನ್ನಿನ ನಮ್ಮವರೂ ಊಟಕ್ಕೆಂದು ಹುಡುಕಿಕೊಂಡು ಬರುವ ಪೇಟೆ ಇದು. ಆದರೆ ಬಿಬಿಸಿ ನೋಡಿ ಬೆಳೆದ ಒಂದು ತಲೆಮಾರಿನ ಬ್ರಿಟಿಷರಿಗೆ ಟೂಟಿಂಗ್ ಬೆಕ್ ಎಂದರೆ ಕಣ್ಣಿಗೆ ಕಟ್ಟುವುದು ಕಮೋಡಿನ ಮೇಲೆ ಕೂತ ಹಿಮಮಾನವ ಯೇತಿ!

ಆ ಮಾತನ್ನು ಚಲಾವಣೆಗೆ ಬಿಟ್ಟವರು ನಟ ಜಾನ್ ಪರ್ಟ್ವೀ. 1970ರಿಂದ 1974ರವರೆಗೆ ‘ಡಾಕ್ಟರ್ ಹೂ’ ಧಾರಾವಾಹಿಯ ನಾಯಕರಾಗಿದ್ದವರು. ಬೇರೆ ಯಾವುದೋ ಗ್ರಹದಲ್ಲಿ ರಾಕ್ಷಸ ಎದುರಾದರೆ ಅದರಲ್ಲೇನು ವಿಶೇಷ, ಅಲ್ಲಿ ಸಿಗಬೇಕಾದ್ದೇ ಅವನು. ಕೆಲಸ ಮುಗಿಸಿ ಟೂಟಿಂಗ್ ಬೆಕ್‌ನ ಮನೆಗೆ ಬಂದು ಪಾಯಿಖಾನೆಯ ಬಾಗಿಲು ತೆಗೆದಾಗ ಒಳಗೆ ಯೇತಿ ಕೂತಿದ್ದರೆ ಜೀವ ಬಾಯಿಗೆ ಬರುತ್ತದೆ. ಇದನ್ನೇ ಅವರು ಕೇಳಿದವರಿಗೆಲ್ಲ ಬೇರೆ ಬೇರೆ ಬಗೆಯಲ್ಲಿ ಹೇಳುತ್ತಿದ್ದರು. ಕೇಳುವುದಕ್ಕೆ ತಮಾಷೆ, ಆದರೆ ಕಥೆ ಹೇಳುವವರಿಗೆ ಅದೊಂದು ಸೂತ್ರವೇ.

ಆ ಸೂತ್ರ ಧಾರಾವಾಹಿಯನ್ನು ಹುಟ್ಟುಹಾಕಿದವರದಲ್ಲ. ಅವರು ಹಾಕಿಕೊಟ್ಟ ದಾರಿಗೆ ಹೆಚ್ಚುಕಡಿಮೆ ವಿರುದ್ಧವಾದದ್ದು. ಇನ್ನೊಂದು ಸೋಜಿಗವೆಂದರೆ ಪರ್ಟ್ವೀ ಕಾಲದ ಒಂದು ಕಥೆಯಲ್ಲೂ ಯೇತಿ ಟೂಟಿಂಗ್ ಬೆಕ್ ಇರಲಿ, ಲಂಡನ್ನಿಗೇ ಬರಲಿಲ್ಲ. ಹಳೆಯ ವೈಜ್ಞಾನಿಕ ಕಥೆಯನ್ನು ಹೊಸದಾಗಿ ಕಟ್ಟುವವರು ಮೂಲ ಕರ್ತೃವಿನ ಆಶಯಕ್ಕೆ ಎಷ್ಟರಮಟ್ಟಿಗೆ ಬದ್ಧರಾಗಿರಬೇಕು ಎಂದು ಜಗಳವಾಡುವವರು ಈ ಎರಡರ ಹಿಂದಿನ ಕಥೆಯನ್ನು ಒಮ್ಮೆ ನೋಡಬೇಕು.

ಶನಿವಾರ ಸಂಜೆಯ ತೆರಪು

1962ರಲ್ಲಿ ಬಿಬಿಸಿಯ ಸ್ಕ್ರಿಪ್ಟ್ ವಿಭಾಗ ವೈಜ್ಞಾನಿಕ ಕಥೆಗಳು ಟೀವಿಗೆ ಒಗ್ಗುತ್ತವೆಯೇ ಎಂದು ವರದಿ ತರಿಸಿಕೊಂಡಿತ್ತು. ಆ ವರ್ಷದ ಕೊನೆಗೆ ನಾಟಕ ವಿಭಾಗದ ಮುಖ್ಯಸ್ಥರಾಗಿ ಬಂದವರು ಕೆನಡಾದ ಸಿಡ್ನಿ ನ್ಯೂಮನ್. ಶನಿವಾರ ಸಂಜೆ ಕ್ರೀಡಾ ಕಾರ್ಯಕ್ರಮ ಮುಗಿದು ಪಾಪ್ ಹಾಡಿನ ಕಾರ್ಯಕ್ರಮ ಶುರುವಾಗುವ ನಡುವೆ ಒಂದು ತೆರಪಿತ್ತು. ಮಕ್ಕಳೂ ದೊಡ್ಡವರೂ ಒಟ್ಟಿಗೆ ಕೂತು ನೋಡುವಂಥದ್ದೊಂದು ಅಲ್ಲಿಗೆ ಬೇಕಿತ್ತು. ಕಾಲದಲ್ಲಿ ಹಿಂದಕ್ಕೂ ಮುಂದಕ್ಕೂ ಓಡಾಡುವ ‘ಡಾಕ್ಟರ್’ ಎಂಬ ಒಬ್ಬ ಸಿಡುಕು ಮುದುಕ, ಅವನ ಜೊತೆಗೆ ಇಬ್ಬರು ಮೇಷ್ಟ್ರು, ಒಬ್ಬಳು ಶಾಲೆಯ ಹುಡುಗಿ. ಹಿಂದಕ್ಕೆ ಹೋದರೆ ಚರಿತ್ರೆಯ ಪಾಠ, ಮುಂದಕ್ಕೆ ಹೋದರೆ ವಿಜ್ಞಾನದ ಪಾಠ. ನ್ಯೂಮನ್ ಹಾಕಿದ ಕಟ್ಟಳೆಗಳಲ್ಲಿ ಒಂದು ಬಹಳ ಕಟ್ಟುನಿಟ್ಟಿನದು: ಗುಡ್ಡೆಗಣ್ಣಿನ ರಾಕ್ಷಸರು ಕೂಡದು.

ಹಾಗೆಂದು ಎಲ್ಲವೂ ನ್ಯೂಮನ್ ಒಬ್ಬರ ತಲೆಯಿಂದ ಬಂದದ್ದಲ್ಲ. ಸ್ಕ್ರಿಪ್ಟ್ ವಿಭಾಗದ ಡೊನಾಲ್ಡ್ ವಿಲ್ಸನ್ ಚರ್ಚಿಸಿದರು, ಸಿ. ಇ. ವೆಬರ್ ಟಿಪ್ಪಣಿ ಬರೆದರು, ನ್ಯೂಮನ್ ಅದರ ಅಂಚಿನಲ್ಲಿ ಕಟುವಾಗಿ ಗೀಚಿದರು. ಹೊರಗಿನಿಂದ ನೋಡಿದರೆ ಬೀದಿಬದಿಯ ನೀಲಿ ಪೊಲೀಸ್ ಪೆಟ್ಟಿಗೆ, ಒಳಗೆ ಹೋದರೆ ದೊಡ್ಡ ನೌಕೆ ಎಂಬ ಇಡೀ ಧಾರಾವಾಹಿಯ ಗುರುತಾದ ಕಲ್ಪನೆಗೆ ರೂಪ ಕೊಟ್ಟವರು ಮೊದಲ ಕಥೆ ಬರೆದ ಆಂಥೊನಿ ಕೋಬರ್ನ್. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್‌ಗೆ ಆಗ 27 ವರ್ಷ. ನಿರ್ದೇಶಕ ವಾರಿಸ್ ಹುಸೇನ್ ಲಖನೌದಲ್ಲಿ ಹುಟ್ಟಿದವರು, ಲೇಖಕಿ ಅತಿಯಾ ಹೊಸೇನ್ ಅವರ ಮಗ, 24ರ ಹರೆಯ. ಗಂಡಸರೇ ತುಂಬಿದ್ದ ಬಿಬಿಸಿಯಲ್ಲಿ ಒಬ್ಬ ಹೆಂಗಸು, ಒಬ್ಬ ಭಾರತೀಯ. ಇವರು ಚಿತ್ರೀಕರಿಸಿದ ಮೊದಲ ಕಂತು ನ್ಯೂಮನ್‌ಗೆ ಹಿಡಿಸಲಿಲ್ಲ. ಇಡೀ ಕಂತನ್ನು ಮತ್ತೊಮ್ಮೆ ಮಾಡಿಸಿದರು. ಅದು ಪ್ರಸಾರವಾದದ್ದು 1963ರ ನವೆಂಬರ್ 23ರಂದು, ಕೆನಡಿ ಹತ್ಯೆಯ ಮಾರನೆಯ ದಿನ. ದುಃಖದ ಸುದ್ದಿಯ ನಡುವೆ ಯಾರೂ ಸರಿಯಾಗಿ ನೋಡಿರಲಾರರು ಎಂದು ಮುಂದಿನ ವಾರ ಎರಡನೆಯ ಕಂತಿಗೆ ಮೊದಲು ಅದನ್ನೇ ಮತ್ತೆ ಹಾಕಿದರು.

ಮೊದಲು ಮುರಿದ ಕಟ್ಟಳೆ

ರಾಕ್ಷಸರು ಬೇಡವೆಂಬ ಕಟ್ಟಳೆ ಎಷ್ಟು ದಿನ ಬಾಳಿತು? ಐದನೆಯ ಶನಿವಾರ, ಡಿಸೆಂಬರ್ 21ರ ಕಂತಿನ ಕೊನೆಯಲ್ಲಿ ಸಿಂಕ್ ಕಟ್ಟಿಕೊಂಡಾಗ ಒತ್ತುವ ರಬ್ಬರ್ ಬಟ್ಟಲಿನಂಥ ಕೈಯೊಂದು ತೆರೆಯ ಒಂದು ಬದಿಯಿಂದ ಚಾಚಿ ಬಂತು, ಎದುರಿಗಿದ್ದ ಹೆಂಗಸು ಚೀರಿದಳು. ಮುಂದಿನ ವಾರ ಆ ಕೈಯ ಒಡೆಯ ಪೂರ್ತಿ ಕಾಣಿಸಿಕೊಂಡ. ಅದೇ ಡಾಲೆಕ್. ಬರೆದವರು ಟೆರಿ ನೇಷನ್. ರೂಪ ಕೊಟ್ಟವರು ಬಿಬಿಸಿಯ ಸಂಬಳದ ನೌಕರ, ವಿನ್ಯಾಸಕಾರ ರೇಮಂಡ್ ಕ್ಯೂಸಿಕ್. ಒಳಗೆ ಮನುಷ್ಯನಿದ್ದಾನೆ ಎಂಬ ಗುಟ್ಟು ಮೊದಲು ಬಯಲಾಗುವುದು ಕಾಲಿನಿಂದ, ಆದ್ದರಿಂದ ಕಾಲೇ ಬೇಡ. ಒಬ್ಬ ಮನುಷ್ಯನನ್ನು ಕುರ್ಚಿಯ ಮೇಲೆ ಕೂರಿಸಿದಂತೆ ಮಾಡಿ ಅವನ ಸುತ್ತ ಗೆರೆ ಎಳೆದರು. ನೆಲದ ಮೇಲೆ ಜಾರುತ್ತಾ ಬರುವ, ಮುಖವಿಲ್ಲದ, ಕೀರಲು ಸದ್ದಿನ ಆ ಡಬ್ಬಿ ಬ್ರಿಟನ್ನಿನ ಮಕ್ಕಳನ್ನು ಸೋಫಾದ ಹಿಂದೆ ಅಡಗಿ ಕೂರುವಂತೆ ಮಾಡಿತು.

ನ್ಯೂಮನ್ ಕೆಂಡಾಮಂಡಲವಾದರು. ಬೇಡವೆಂದದ್ದನ್ನೇ ತಂದಿಟ್ಟಿದ್ದೀರಲ್ಲ ಎಂಬುದು ಅವರ ಸಿಟ್ಟು. ಇವರು ರಾಕ್ಷಸರಲ್ಲ, ಅಣುಯುದ್ಧದಲ್ಲಿ ದೇಹ ವಿಕಾರವಾಗಿ ಲೋಹದ ಕವಚವಿಲ್ಲದೆ ಬದುಕಲಾರದೆ ಹೋದ ಜೀವಿಗಳು ಎಂದು ಲ್ಯಾಂಬರ್ಟ್ ಸಮಜಾಯಿಷಿ ಕೊಟ್ಟರು. ಅದು ಪೂರ್ತಿ ನೆಪವೂ ಅಲ್ಲ. ಕ್ಯೂಬಾ ಬಿಕ್ಕಟ್ಟು ಕಳೆದು ಒಂದೇ ವರ್ಷವಾಗಿತ್ತು. ಅಣುಬಾಂಬು ಮನುಷ್ಯನನ್ನು ಏನು ಮಾಡೀತು ಎಂದು ಮಕ್ಕಳಿಗೆ ಹೇಳುವುದಕ್ಕೆ ಡಾಲೆಕ್‌ಗಿಂತ ಒಳ್ಳೆಯ ಪಾಠ ಬೇರೆ ಬೇಕಿರಲಿಲ್ಲ. ಕಟ್ಟಳೆ ಮುರಿಯಿತು, ಕಟ್ಟಳೆಯ ಹಿಂದಿನ ಉದ್ದೇಶ ಉಳಿಯಿತು. ಧಾರಾವಾಹಿಯನ್ನು ಉಳಿಸಿದ್ದೇ ಡಾಲೆಕ್ ಎಂದು ಮುಂದೆ ನ್ಯೂಮನ್ ಒಪ್ಪಿಕೊಂಡರು.

ಆಮೇಲೆ ಒಂದೊಂದಾಗಿ ಬದಲಾಗುತ್ತಾ ಹೋಯಿತು. 1966ರಲ್ಲಿ ನಾಯಕ ವಿಲಿಯಂ ಹಾರ್ಟ್‌ನೆಲ್ ಆರೋಗ್ಯ ಕೆಟ್ಟಾಗ ನಾಯಕನಿಗೆ ಹೊಸ ದೇಹ ಕೊಡುವ ಉಪಾಯ ಹುಟ್ಟಿ, ಪ್ಯಾಟ್ರಿಕ್ ಟ್ರೌಟನ್ ಬಂದರು. ಮೊದಲ ಟಿಪ್ಪಣಿಗಳಲ್ಲಿ ಇದರ ಸುಳಿವೂ ಇರಲಿಲ್ಲ. ಚರಿತ್ರೆಯ ಪಾಠದ ಕಥೆಗಳನ್ನು 1967ರ ಹೊತ್ತಿಗೆ ಕೈಬಿಟ್ಟರು.

ಸುರಂಗಕ್ಕೆ ಇಳಿದ ಯೇತಿ

ಅದೇ 1967ರಲ್ಲಿ ಮರ್ವಿನ್ ಹೇಸ್‌ಮನ್ ಮತ್ತು ಹೆನ್ರಿ ಲಿಂಕನ್ ಎಂಬ ಜೋಡಿ ಲೇಖಕರು ಯೇತಿಯನ್ನು ತಂದರು. ಟಿಬೆಟ್ಟಿನ ಮಠ, ಹಿಮದ ಬೆಟ್ಟ (ಚಿತ್ರೀಕರಣ ನಡೆದದ್ದು ವೇಲ್ಸ್‌ನಲ್ಲಿ), ರೋಮದ ಮುದ್ದೆಯಂಥ ದೊಡ್ಡ ಪ್ರಾಣಿ. ಒಳಗೆ ನೋಡಿದರೆ ಅದೊಂದು ಯಂತ್ರ. ಅದು ಜನರಿಗೆ ಹಿಡಿಸಿತು, ಆದರೆ ಹೆದರಿಸುವುದಕ್ಕಿಂತ ಮುದ್ದಾಗಿ ಕಂಡಿತು. 1968ರ ಫೆಬ್ರುವರಿಯಲ್ಲಿ ಅದೇ ಜೋಡಿ ಎರಡನೆಯ ಕಥೆ ಬರೆದಾಗ ಯೇತಿಗೆ ಹೊಳೆಯುವ ಕಣ್ಣು ಇಟ್ಟು, ಟಿಬೆಟ್ಟಿನಿಂದ ಎತ್ತಿ ಲಂಡನ್ನಿನ ಸುರಂಗ ರೈಲಿನ ಹಳಿಯ ಮೇಲೆ ನಿಲ್ಲಿಸಿದರು. ಬದಲಾದದ್ದು ಅಷ್ಟೇ, ಭಯ ಮಾತ್ರ ಹತ್ತು ಪಟ್ಟಾಯಿತು. ಬೆಳಿಗ್ಗೆ ಆಫೀಸಿಗೆ ಹೋಗುವಾಗ ನಿಂತ ಪ್ಲಾಟ್‌ಫಾರಂ, ಸಂಜೆ ಟೀವಿಯಲ್ಲಿ ಖಾಲಿ ಬಿದ್ದಿದೆ, ಕತ್ತಲೆಯ ಬಾಯಿಂದ ಏನೋ ಬರುತ್ತಿದೆ.

ಸಾರಿಗೆ ಸಂಸ್ಥೆಯ ಶರತ್ತುಗಳು ದುಬಾರಿಯಾಗಿದ್ದರಿಂದ ಸುರಂಗವನ್ನು ಸ್ಟುಡಿಯೋದಲ್ಲೇ ಕಟ್ಟಿದ್ದರು. ಆ ಸೆಟ್ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ, ಕದ್ದು ಒಳಗೆ ನುಗ್ಗಿ ಚಿತ್ರೀಕರಿಸಿದ್ದೀರಿ ಎಂದು ಸಂಸ್ಥೆಯವರೇ ಆಕ್ಷೇಪಿಸಿದರಂತೆ. ಕಥೆಯಲ್ಲಿ ಸೈನಿಕರು ಬೀಡುಬಿಡುವುದು ಗೂಜ್ ಸ್ಟ್ರೀಟ್ ನಿಲ್ದಾಣದ ಅಡಿಯಲ್ಲಿ. ಅದೂ ನಾರ್ದರ್ನ್ ಲೈನಿನದೇ. ಹಾಗೆ ನೋಡಿದರೆ ಟೂಟಿಂಗ್ ಬೆಕ್‌ಗೆ ಬರಲು ಯೇತಿಗೆ ದಾರಿ ಸಲೀಸಾಗಿತ್ತು.

ಈ ಕಥೆ ತೋರಿಸಿಕೊಟ್ಟ ದಾರಿಯನ್ನೇ ನಿರ್ಮಾಪಕರಾದ ಡೆರಿಕ್ ಶೆರ್ವಿನ್, ಪೀಟರ್ ಬ್ರಯಂಟ್ ಮುಂದೆ ಹಿಡಿದರು. ಪ್ರತಿ ತಿಂಗಳೂ ಹೊಸ ಗ್ರಹ ಕಟ್ಟಲು ದುಡ್ಡಿರಲಿಲ್ಲ. 1970ರಲ್ಲಿ ಧಾರಾವಾಹಿ ಬಣ್ಣಕ್ಕೆ ತಿರುಗಿದಾಗ ಪರ್ಟ್ವೀ ಅವರ ಡಾಕ್ಟರನಿಗೆ ಭೂಮಿಯಲ್ಲೇ ಇರಬೇಕೆಂಬ ಗಡೀಪಾರು ಶಿಕ್ಷೆಯಾಯಿತು. ಮೊದಲ ಕಥೆಯಲ್ಲೇ ಅಂಗಡಿಯ ಗಾಜಿನೊಳಗೆ ಬಟ್ಟೆ ತೊಟ್ಟು ನಿಂತ ಗೊಂಬೆಗಳು ಜೀವ ತಳೆದು ಬೀದಿಗಿಳಿದವು. ಹೀಗಾದರೆ ಉಳಿಯುವುದು ಎರಡೇ ಬಗೆಯ ಕಥೆ, ಅನ್ಯಲೋಕದವರ ದಾಳಿ ಇಲ್ಲವೇ ಹುಚ್ಚು ವಿಜ್ಞಾನಿ ಎಂದು ಲೇಖಕ ಮಾಲ್ಕಮ್ ಹಲ್ಕ್ ಗೊಣಗಿದರು. ಗೊಣಗಿದವರೇ ಮೂರನೆಯ ಬಗೆಯನ್ನು ಬರೆದರು: ದಾಳಿ ಮಾಡುವವರು ಹೊರಗಿನವರಲ್ಲ, ಮನುಷ್ಯನಿಗಿಂತ ಮೊದಲೇ ಈ ಭೂಮಿಯನ್ನು ಆಳುತ್ತಿದ್ದ ಸರೀಸೃಪ ಕುಲದವರು, ನಿದ್ದೆಯಿಂದ ಎದ್ದು ತಮ್ಮ ನೆಲ ಕೇಳುತ್ತಿದ್ದಾರೆ. ಪರ್ಟ್ವೀ ಅವರ ಟೂಟಿಂಗ್ ಬೆಕ್ ಮಾತು ಈ ಐದು ವರ್ಷಗಳ ಸಾರ.

ಹಾಗಿದ್ದೂ ಯೇತಿ ಯಾಕೆ ಬರಲಿಲ್ಲ? 1968ರಲ್ಲೇ ಹೇಸ್‌ಮನ್ ಮತ್ತು ಲಿಂಕನ್ ಬಿಬಿಸಿಯೊಡನೆ ಮುನಿಸಿಕೊಂಡಿದ್ದರು. ಅವರ ಆರು ಕಂತಿನ ಇನ್ನೊಂದು ಕಥೆಯನ್ನು ಕೇಳದೆ ಐದಕ್ಕೆ ಇಳಿಸಿ ತಿದ್ದಿದ್ದಕ್ಕೆ ಸಿಟ್ಟಾಗಿ ತಮ್ಮ ಹೆಸರನ್ನೇ ತೆಗೆಸಿದರು. ಆ ಕಂತುಗಳು ‘ನಾರ್ಮನ್ ಆಶ್ಬಿ’ ಎಂಬ ಇಲ್ಲದ ಲೇಖಕನ ಹೆಸರಲ್ಲಿ ಪ್ರಸಾರವಾದವು. ಅದರಲ್ಲಿ ಬರುವ ಪುಟ್ಟ ಯಂತ್ರಗಳ ವ್ಯಾಪಾರದ ಹಕ್ಕು ಯಾರದು ಎಂದೂ ಜಗಳವಾಯಿತು. ಸ್ಕಾಟ್ಲೆಂಡಿನಲ್ಲಿ ನಡೆಯಬೇಕಿದ್ದ ಮೂರನೆಯ ಯೇತಿ ಕಥೆ ಅಲ್ಲಿಗೇ ನಿಂತುಹೋಯಿತು. ತನ್ನ ಯಜಮಾನರ ಮುನಿಸಿನಿಂದಾಗಿ ಪರ್ಟ್ವೀ ಕಾಲದಲ್ಲಿ ಯೇತಿ ಅವರ ಗಾದೆಯಲ್ಲಿ ಮಾತ್ರ ಉಳಿಯಿತು.

ಕರ್ತೃವಿನ ಪತ್ರ

ಡಾಕ್ಟರನನ್ನು ಹೆಣ್ಣಾಗಿಸಿದಾಗ, 2017ರಲ್ಲಿ ನಟಿ ಜೋಡಿ ವಿಟೇಕರ್ ಹೆಸರು ಹೊರಬಿದ್ದಾಗ, ಮೂಲಕ್ಕೆ ದ್ರೋಹವಾಯಿತೆಂದು ಕೂಗಾಡಿದವರಿದ್ದರು. ಮೂಲದವರು ಏನೆಂದಿದ್ದರು? 1986ರಲ್ಲಿ ಧಾರಾವಾಹಿ ಸೊರಗಿದ್ದಾಗ ನ್ಯೂಮನ್ ಬಿಬಿಸಿಯ ಮೈಕೆಲ್ ಗ್ರೇಡ್ ಅವರಿಗೆ ಒಂದು ಪತ್ರ ಬರೆದರು. ಟ್ರೌಟನ್ ಅವರನ್ನು ಸ್ವಲ್ಪ ಕಾಲ ಮರಳಿ ತನ್ನಿ, ಆಮೇಲೆ ಡಾಕ್ಟರ್ ಹೆಂಗಸಾಗಿ ಬದಲಾಗಲಿ ಎಂಬ ಸಲಹೆ ಅದರಲ್ಲಿತ್ತು. ಕಟ್ಟಳೆ ಹಾಕಿದವರೇ ಅದನ್ನು ಮುರಿಯಲು ಇಪ್ಪತ್ತಮೂರು ವರ್ಷಗಳ ನಂತರ ತುದಿಗಾಲಲ್ಲಿ ನಿಂತಿದ್ದರು. ಕರ್ತೃವಿನ ಆಶಯವನ್ನು ಅವನ ಮೊದಲ ಟಿಪ್ಪಣಿಯಲ್ಲಿ ಹುಡುಕುವವರು, ಅವನೂ ಬೆಳೆಯುತ್ತಾನೆ ಎಂಬುದನ್ನು ಮರೆತಿರುತ್ತಾರೆ.

ಪತ್ರದಿಂದ ಏನೂ ಆಗಲಿಲ್ಲ. 1989ರ ಡಿಸೆಂಬರ್‌ನಲ್ಲಿ ಧಾರಾವಾಹಿ ನಿಂತಿತು. 2005ರ ಮಾರ್ಚ್ 26ರಂದು ರಸೆಲ್ ಟಿ. ಡೇವಿಸ್ ಅದನ್ನು ಮತ್ತೆ ಎಬ್ಬಿಸಿದಾಗ ಮೊದಲ ದೃಶ್ಯಗಳಲ್ಲೇ ಕಂಡದ್ದು ಅಂಗಡಿಯ ಅದೇ ಗೊಂಬೆಗಳು. ನಾಯಕಿ ರೋಸ್ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ, ದಕ್ಷಿಣ ಲಂಡನ್ನಿನ ಸರ್ಕಾರಿ ವಸತಿ ಸಮುಚ್ಚಯದವಳು. ಆ ದೃಶ್ಯಗಳನ್ನು ತೆಗೆದದ್ದು ಕೆನ್ನಿಂಗ್ಟನ್ನಿನ ಬ್ರ್ಯಾಂಡನ್ ಎಸ್ಟೇಟಿನಲ್ಲಿ, ಟೂಟಿಂಗ್ ಬೆಕ್‌ನಿಂದ ಅದೇ ಕಪ್ಪು ಗೆರೆಯ ಮೇಲೆ ಉತ್ತರಕ್ಕೆ. ಡೇವಿಸ್ ಮರಳಿ ಕಟ್ಟಿದ್ದು 1963ರ ಕಲ್ಪನೆಯನ್ನಲ್ಲ, 1970ರ ತಿದ್ದುಪಡಿಯನ್ನು.

ಇನ್ನು 1963ರ ನಿಜವಾದ ಆಶಯ ಹೊರಳಿ ಬಂದದ್ದು ಯಾರ ಕಾಲದಲ್ಲಿ ಗೊತ್ತೇ? ದ್ರೋಹವೆಂದು ಬೈಸಿಕೊಂಡ ವಿಟೇಕರ್ ಕಾಲದಲ್ಲಿ. 2018ರ ನವೆಂಬರ್ 11ರ ಕಂತನ್ನು ಬರೆದವರು ವಿನಯ್ ಪಟೇಲ್. ಕಥೆ ನಡೆಯುವುದು 1947ರ ಪಂಜಾಬಿನಲ್ಲಿ, ದೇಶ ಒಡೆಯುವ ಹೊತ್ತಿನಲ್ಲಿ. ಹಿಂದೂ ಹುಡುಗ, ಮುಸ್ಲಿಂ ಹುಡುಗಿಯ ಮದುವೆ. ಅನ್ಯಲೋಕದವರೂ ಬರುತ್ತಾರೆ, ನೋಡಲು ಭೀಕರವಾಗಿಯೂ ಇದ್ದಾರೆ. ಆದರೆ ಅವರು ಕೊಲ್ಲುವವರಲ್ಲ. ಯಾರೂ ಇಲ್ಲದೆ ಸಾಯುವವರ ಪಕ್ಕದಲ್ಲಿ ಸಾಕ್ಷಿಯಾಗಿ ನಿಲ್ಲುವವರು. ಕೊಲ್ಲುವ ದ್ವೇಷ ಮದುಮಗನ ಒಡಹುಟ್ಟಿದವನೊಳಗಿದೆ. ಚರಿತ್ರೆಯ ಪಾಠ, ರಾಕ್ಷಸರಿಲ್ಲದ ಕಥೆ: ನ್ಯೂಮನ್ ಬೇಡಿದ್ದು ಇದನ್ನೇ.

ಹೆಸರಿನ ಬಾಕಿ

ಮೂಲವನ್ನು ಮುಟ್ಟಬಾರದೆಂಬ ವಾದ ಕನ್ನಡಿಗರ ಬಾಯಲ್ಲಂತೂ ಶೋಭಿಸದು. ನಮ್ಮ ಆದಿಕವಿ ಪಂಪ 941ರ ಸುಮಾರಿಗೆ ಬರೆದ ಭಾರತದಲ್ಲಿ ದ್ರೌಪದಿ ಐವರ ಹೆಂಡತಿಯಲ್ಲ, ಅರ್ಜುನನೊಬ್ಬನ ಹೆಂಡತಿ. ಆ ಅರ್ಜುನನಲ್ಲಿ ತನ್ನ ದೊರೆ ಅರಿಕೇಸರಿಯನ್ನೇ ಕೂಡಿಸಿದ. ಇಷ್ಟೆಲ್ಲ ಬದಲಿಸಿದ ಪಂಪ ವ್ಯಾಸರ ಹೆಸರನ್ನು ಮರೆಮಾಚಲಿಲ್ಲ.

ಬಿಬಿಸಿ ಎಡವಿದ್ದು ಅಲ್ಲಿ. ಕಟ್ಟಳೆ ಮುರಿದದ್ದರಿಂದ ‘ಡಾಕ್ಟರ್ ಹೂ’ ಕೆಡಲಿಲ್ಲ. ಕೆಟ್ಟದ್ದು ಕಟ್ಟಿದವರನ್ನು ನಡೆಸಿಕೊಂಡ ರೀತಿ. ಡಾಲೆಕ್ ಆಟಿಕೆಗಳು ಮಾರಾಟವಾದಂತೆ ನೇಷನ್ ಶ್ರೀಮಂತರಾದರು, ರೂಪ ಕೊಟ್ಟ ಕ್ಯೂಸಿಕ್‌ಗೆ ಸಿಕ್ಕಿದ್ದು ಸಣ್ಣದೊಂದು ಇನಾಮು. ರಾನ್ ಗ್ರೇನರ್ ಬರೆದ ಶೀರ್ಷಿಕೆ ರಾಗವನ್ನು ಟೇಪಿನ ತುಣುಕುಗಳನ್ನು ಕತ್ತರಿಸಿ ಅಂಟಿಸಿ ಕಟ್ಟಿದವರು ಡೆಲಿಯಾ ಡರ್ಬಿಶೈರ್. ತನ್ನ ಗೌರವಧನದಲ್ಲಿ ಆಕೆಗೂ ಪಾಲಿರಲಿ ಎಂದು ಗ್ರೇನರ್ ಬಯಸಿದರು, ಸಂಸ್ಥೆಯ ನಿಯಮ ಬಿಡಲಿಲ್ಲ. ತೆರೆಯ ಮೇಲೆ ಆಕೆಯ ಹೆಸರು ಬಂದದ್ದು 2013ರಲ್ಲಿ. ಆಕೆ ತೀರಿಹೋಗಿ ಹನ್ನೆರಡು ವರ್ಷವಾಗಿತ್ತು. ಕರ್ತೃವೆಂದು ತನ್ನ ಹೆಸರು ಹಾಕಿ ಎಂದು ನ್ಯೂಮನ್ ಕೇಳಿದ್ದೂ ಈಡೇರಲಿಲ್ಲ.

ಇದರ ಲೆಕ್ಕ ಒಂದಲ್ಲ ಒಂದು ದಿನ ಎದ್ದುಬರುತ್ತದೆ. 2004ರಲ್ಲಿ ನೇಷನ್ ಅವರ ವಾರಸುದಾರರೊಡನೆ ಮಾತುಕತೆ ಮುರಿದು, ಹೊಸ ಧಾರಾವಾಹಿಯಲ್ಲಿ ಡಾಲೆಕ್ ಇರುವುದಿಲ್ಲ ಎಂದೇ ಸುದ್ದಿಯಾಗಿತ್ತು. ಕೆಲವೇ ವಾರಗಳಲ್ಲಿ ಹೇಗೋ ರಾಜಿಯಾಯಿತು. 2023ರಲ್ಲಿ ಅರವತ್ತರ ಸಂಭ್ರಮಕ್ಕೆ ಬಿಬಿಸಿ 800ಕ್ಕೂ ಹೆಚ್ಚು ಕಂತುಗಳನ್ನು ಐಪ್ಲೇಯರ್‌ನಲ್ಲಿ ಹಾಕಿತು. ಅದರಲ್ಲಿ ಇಲ್ಲದ ಕಥೆ ಮೊಟ್ಟಮೊದಲನೆಯದು: ಕೋಬರ್ನ್ ಬರೆದದ್ದು, ವಾರಿಸ್ ಹುಸೇನ್ ನಿರ್ದೇಶಿಸಿದ್ದು. ಕೋಬರ್ನ್ ಕುಟುಂಬದೊಡನೆ ಹಕ್ಕಿನ ತಕರಾರು ಬಗೆಹರಿದಿರಲಿಲ್ಲ.

ಹೊಸದಾಗಿ ಕಟ್ಟುವವರು ಕಥೆಯನ್ನು ಎಲ್ಲಿಗೆ ಬೇಕಾದರೂ ಒಯ್ಯಲಿ, ನಾಯಕನನ್ನು ನಾಯಕಿಯಾಗಿಸಲಿ, ಟಿಬೆಟ್ಟಿನ ಪ್ರಾಣಿಯನ್ನು ಸುರಂಗಕ್ಕೆ ಇಳಿಸಲಿ. ಮೂಲದವರಿಗೆ ಕೊಡಬೇಕಾದ ಗೌರವವನ್ನು ಕಥೆಯೊಳಗೆ ಹುಡುಕುವುದಕ್ಕಿಂತ ಮೊದಲು ಹೆಸರಿನ ಪಟ್ಟಿಯಲ್ಲಿ, ಸಂಭಾವನೆಯ ಚೆಕ್ಕಿನಲ್ಲಿ ಕೊಟ್ಟು ಮುಗಿಸಬೇಕು. ಆಶಯದ ಬಗ್ಗೆ ಚರ್ಚೆಗೆ ಕೂರಲು ಆಮೇಲೆ ಬೇಕಾದಷ್ಟು ಸಮಯವಿದೆ.